ಸತ್ತ ಮೇಕೆ, ಕೊಯ್ದ ಮೇಕೆ

ನಾಗಮಂಗಲದ ಮಳೆಯಾಶ್ರಿತ ಊರುಗಳಲ್ಲಿ ರಾಗಿ, ಹುರುಳಿ ಕೈಕೊಟ್ಟ ವರ್ಷವೂ ಒಂದು ಹೋತ ಮಾರಿದರೆ ಮಕ್ಕಳ ಫೀಸಿಗೋ ಆಸ್ಪತ್ರೆಗೋ ದುಡ್ಡಾಗುತ್ತದೆ. ಇರುವ ನಾಲ್ಕೈದರಲ್ಲಿ ಒಂದು ಸತ್ತರೂ ಅದು ದೊಡ್ಡ ಪೆಟ್ಟೇ.

ಮುಂಗಾರಿನ ಎಳೆ ಹುಲ್ಲು ಹೊಟ್ಟೆ ತುಂಬ ಮೇಯ್ದ ಮೇಕೆ ಕರುಳುಬೇನೆಯಿಂದ ರಾತ್ರಿ ಕಳೆಯುವುದರೊಳಗೆ ಸಾಯಬಹುದು. ಮಳೆಗೆ ಮೊದಲೇ ಲಸಿಕೆ ಹಾಕಿಸುವುದೇ ದಾರಿ. 1987ರಲ್ಲಿ ತಮಿಳುನಾಡಿನಲ್ಲಿ ಭಾರತದ ಮಟ್ಟಿಗೆ ಮೊದಲು ಪತ್ತೆಯಾದ ಪಿಪಿಆರ್ ರೋಗದಲ್ಲಿ ಜ್ವರ, ಸೋರುವ ಮೂಗು, ಬಾಯಿಹುಣ್ಣು, ಭೇದಿ ಕಾಣಿಸುತ್ತವೆ. ಅದರ ಲಸಿಕೆ ಸುಮಾರು ಮೂರು ವರ್ಷ ಕಾಯುತ್ತದೆ. ಚಿರತೆ, ತೋಳಗಳ ಕಾಟ ಬೇರೆ. ಪಕ್ಕದ ಮೇಲುಕೋಟೆಯ ವನ್ಯಧಾಮವಂತೂ 1974ರಲ್ಲಿ ತೋಳಗಳಿಗಾಗಿಯೇ ಆದದ್ದು.

ಕಷ್ಟದ ಗಳಿಗೆ ಬರುವುದು ಮೇಕೆ ನೆಲಹಿಡಿದಾಗ. ಹೇಗೂ ಸಾಯುತ್ತದೆ, ಕೊಯ್ದರೆ ನಾಲ್ಕು ಕಾಸಾದರೂ ಉಳಿದೀತು ಎನ್ನಿಸುವುದು ಸಹಜ. ಆದರೆ ಕಾಯಿಲೆಯಿಂದ ಸತ್ತದ್ದನ್ನೂ ಸಾಯುತ್ತಿರುವುದನ್ನೂ ತಿನ್ನಬಾರದು. ದಿಢೀರನೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಅಂಥ ದೇಹಕ್ಕೆ ಕತ್ತಿ ಹಾಕಿದರೆ ರೋಗಾಣು ಗಾಳಿಗೆ ತೆರೆದುಕೊಂಡು ಬೀಜಾಣುವಾಗಿ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಕೊಯ್ದವರ ಕೈಗೂ ಹುಣ್ಣಾಗಬಹುದು. ಕೆರೆ, ಬಾವಿಗಳಿಂದ ದೂರ ಆರಡಿ ಗುಂಡಿ ತೋಡಿ, ಸುಣ್ಣ ಸುರಿದು, ಚರ್ಮ ಸಹಿತ ಹೂಳಬೇಕು.

ಹೂಳುವ ಮೊದಲೇ ಪಶುವೈದ್ಯರಿಗೆ ತೋರಿಸಬೇಕು, ಏಕೆಂದರೆ ಸತ್ತ ಜಾನುವಾರಿಗೆ ರಾಜ್ಯ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರಕ್ಕೆ ಅವರ ದೃಢೀಕರಣ ಬೇಕು. 2025-26ರ ಬಜೆಟ್ಟಿನಲ್ಲಿ ಕುರಿ, ಮೇಕೆಯ ಪರಿಹಾರವನ್ನು 5,000ದಿಂದ 7,500 ರೂಪಾಯಿಗೆ ಏರಿಸಲಾಯಿತು. ಸಂತೆಯ ಬೆಲೆಯ ಮುಂದೆ ಇದು ಕಮ್ಮಿಯೇ.

ಬಿದ್ದು ಕಾಲು ಮುರಿದ, ಬೇರೇನೂ ಕಾಯಿಲೆಯಿಲ್ಲದ ಮೇಕೆಯ ಮಾತು ಬೇರೆ. ಅದನ್ನು ತಡಮಾಡದೆ ಕೊಯ್ಯಬಹುದು. ಚುಚ್ಚುಮದ್ದು ಕೊಡಿಸಿದ್ದರೆ ಮಾತ್ರ ವೈದ್ಯರು ಹೇಳಿದಷ್ಟು ದಿನ ಕಾಯಬೇಕು. ನಾಯಿಯೋ ತೋಳವೋ ಕಚ್ಚಿದ್ದನ್ನು ತಿನ್ನುವ ಯೋಚನೆಯೇ ಬೇಡ, ರೇಬಿಸ್ ಭಯವಿದೆ.

ಇಪ್ಪತ್ತೈದು ಕಿಲೋ ತೂಗುವ ಮೇಕೆಯಿಂದ ಹೆಚ್ಚುಕಮ್ಮಿ ಹನ್ನೆರಡು ಕಿಲೋ ಮಾಂಸ ಸಿಗುತ್ತದೆ. ಒಂದು ಮನೆಗೆ ಅದು ಹೆಚ್ಚು. ಫ್ರಿಜ್ ಇಲ್ಲದ ಕಾಲದಲ್ಲಿ ಈ ಸೀಮೆ ಕಂಡುಕೊಂಡ ಉಪಾಯ ಗುಡ್ಡೆಬಾಡು. ತೊಡೆ, ಎಲುಬು, ಈಲಿ, ಕೊಬ್ಬು ಎಲ್ಲವೂ ಒಂದಿಷ್ಟು ಬರುವಂತೆ ಸಮನಾಗಿ ಗುಡ್ಡೆ ಹಾಕಿ ಮನೆಮನೆಗೆ ಹಂಚುವುದು. ಯುಗಾದಿಯ ಮರುದಿನದ ಹೊಸತೊಡಕಿಗೆ ಇಂದಿಗೂ ಹೀಗೆಯೇ ನಡೆಯುತ್ತದೆ. ಶೇಖರಣೆ, ಸಾಲ, ನಂಟು ಮೂರೂ ಒಂದೇ ಏಟಿಗೆ ಮುಗಿಯುವ ಈ ಲೆಕ್ಕ ಫ್ರೀಜರಿಗಿಂತ ಜಾಣತನದ್ದು. ಮಿಕ್ಕದ್ದನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಗಿಸಿದರೆ ಉಪ್ಪುಕಂಡ. ಒಳಗೂ ಗರಿಗರಿಯಾಗುವವರೆಗೆ ಒಣಗಬೇಕು, ತೇವ ಉಳಿದರೆ ಹುಳ ಬೀಳುತ್ತದೆ. ತಲೆ, ಕಾಲನ್ನು ಸುಟ್ಟು, ಬೋಟಿಯನ್ನು ತೊಳೆದು ಮಾತ್ರ ಅಂದೇ ಸಾರು ಮಾಡಬೇಕು, ಅವು ಕಾಯುವುದಿಲ್ಲ.