ನೆಲಕ್ಕೆ ತಕ್ಕ ಮೂತಿ

ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಹೋದವರು ಮೊದಲು ಕೇಳುವುದು ಮೋಟಾರು ಎಷ್ಟು ವ್ಯಾಟಿನದು ಎಂದು. ನಿಜವಾಗಿ ನೋಡಬೇಕಾದದ್ದು ಕೊಳವೆಯ ತುದಿಯಲ್ಲಿರುವ ಮೂತಿಯನ್ನು. ನಗರಗೆರೆ, ಗೌರಿಬಿದನೂರು ಕಡೆಯ ಹಳೆಯ ಮನೆಗಳಲ್ಲಿ ನೆಲ ಎಂದರೆ ಕಲ್ಲುಚಪ್ಪಡಿ, ಇಲ್ಲವೇ ರೆಡ್ ಆಕ್ಸೈಡ್ ಹಾಕಿ ನುಣ್ಣಗೆ ತಿಕ್ಕಿದ ಗಾರೆ; ಹೊಸ ಮನೆಗಳಲ್ಲಿ ಗ್ರಾನೈಟ್, ಟೈಲ್ಸ್. ಈ ಯಂತ್ರ ಬೆಳೆದದ್ದು ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್ ಹಾಸಿದ ಮನೆಗಳಲ್ಲಿ. ಅದರ ಮೂತಿಯ ಚರಿತ್ರೆಯೆಲ್ಲ ಕಾರ್ಪೆಟ್ಟಿನ ಜೊತೆಗಿನ ಹೋರಾಟವೇ.

ಯಂತ್ರದ ಒಳಗಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆ. ಒಳಗೆ ಒತ್ತಡ ತಗ್ಗುತ್ತದೆ, ಹೊರಗಿನ ಗಾಳಿ ಮೂತಿಯ ಮೂಲಕ ನುಗ್ಗುತ್ತದೆ, ಧೂಳು ಅದರ ಜೊತೆಗೆ ಹೋಗುತ್ತದೆ. ನಮ್ಮ ಸುತ್ತಲಿನ ವಾಯುಭಾರ ಸುಮಾರು 100 ಕಿಲೋಪಾಸ್ಕಲ್. ಮನೆಬಳಕೆಯ ಒಳ್ಳೆಯ ಯಂತ್ರ ಅದರಲ್ಲಿ ತಗ್ಗಿಸುವುದು ಸುಮಾರು ಐದನೇ ಒಂದು ಪಾಲು ಅಷ್ಟೆ. ಮೂತಿಯ ಅಂಚಿನಲ್ಲಿ ಬಿರುಸಾಗಿರುವ ಗಾಳಿ ನಾಲ್ಕು ಬೆರಳು ಆಚೆ ಹೋದರೆ ಇಲ್ಲವೆನ್ನುವಷ್ಟು ಸೊರಗುತ್ತದೆ. ಕಾರ್ಪೆಟ್ಟಿನ ಎಳೆಗಳ ಬುಡಕ್ಕೆ ಇಳಿದ ಮರಳು ಈ ಗಾಳಿಗೆ ಸುಲಭವಾಗಿ ಸಿಗುವುದಿಲ್ಲ. ಅದನ್ನು ಮೊದಲು ಬಡಿದು ಎಬ್ಬಿಸಬೇಕು.

ಇದಕ್ಕೊಂದು ದಾರಿ ತೋರಿಸಿದವನು ಅಮೆರಿಕದ ಓಹಾಯೋ ರಾಜ್ಯದ ಜೇಮ್ಸ್ ಮರ್ರೆ ಸ್ಪಾಂಗ್ಲರ್. ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ, ಉಬ್ಬಸದ ರೋಗಿ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ, ಮುಂದೆ ತಿರುಗುವ ಬ್ರಷ್ ಇಟ್ಟ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಚರ್ಮದ ಸಾಮಾನು ಮಾಡುತ್ತಿದ್ದ ಹೂವರ್ ಕುಟುಂಬ ಅದನ್ನು ಕೊಂಡು ದೊಡ್ಡ ಉದ್ಯಮ ಕಟ್ಟಿತು. 1926ರಲ್ಲಿ ಹೂವರ್ ಕಂಪನಿ ಈ ತಿರುಗುವ ಬ್ರಷ್ಷಿನ ಉರುಳೆಗೆ ಬಿರುಗೂದಲಿನ ಜೊತೆ ಲೋಹದ ಬಡಿಪಟ್ಟಿಯನ್ನೂ ಸೇರಿಸಿತು. ಪಟ್ಟಿ ಬಡಿದಾಗ ಮರಳು ಮೇಲೇಳುತ್ತದೆ, ಬ್ರಷ್ ಬಾಚುತ್ತದೆ, ಗಾಳಿ ಒಯ್ಯುತ್ತದೆ.

ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 1921ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಯಂತ್ರವನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ ಕೊಳವೆ ಜೋಡಿಸಿತು. ಮಂಚದಡಿ, ಪರದೆ, ಮೂಲೆ ಎಲ್ಲಕ್ಕೂ ಕೈ ಎಟುಕಿತು. ಆದರೆ ಮೋಟಾರು ದೂರ ಉಳಿದದ್ದರಿಂದ ಮೂತಿಯಲ್ಲಿ ಬ್ರಷ್ ತಿರುಗಿಸುವವರಿಲ್ಲ. ಈ ಕೊರತೆ ನೀಗಲು ಮೂತಿಯೊಳಗೇ ಎರಡನೇ ಪುಟ್ಟ ಮೋಟಾರು ಕೂರಿಸಿದರು. ಅದೇ ಪವರ್ ನಾಝಲ್.

1960, 70ರ ದಶಕಗಳ ಪವರ್ ನಾಝಲ್‌ಗಳನ್ನು ಮಗುಚಿ ನೋಡಿದರೆ ಎಂಜಿನಿಯರುಗಳ ಜಗಳ ಕಣ್ಣಿಗೆ ಕಟ್ಟುತ್ತದೆ. ವಿದ್ಯುತ್ ಮೂತಿಗೆ ತಲುಪುವುದು ಹೇಗೆ? ಕೆಲವರು ವೈರನ್ನು ಕೊಳವೆಯ ಹೊರಮೈಗೆ ಕ್ಲಿಪ್ ಹಾಕಿ ಒಯ್ದರು. ಅದು ಕುರ್ಚಿಯ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಮುಂದೆ ವೈರು ಕೊಳವೆಯ ಗೋಡೆಯೊಳಗೆ ಸೇರಿತು, ಆದರೆ ಕೊಳವೆ ಬಾಗಿ ಬಾಗಿ ಒಳಗೇ ತುಂಡಾದರೆ ಇಡೀ ಕೊಳವೆ ಬದಲಿಸಬೇಕು. ವಿದ್ಯುತ್ತೇ ಬೇಡವೆಂದವರು ಮೂತಿಯೊಳಗೆ ಗಾಳಿಚಕ್ರ ಇಟ್ಟರು. ಹರಿಯುವ ಗಾಳಿಯೇ ಚಕ್ರ ತಿರುಗಿಸುತ್ತದೆ, ಚಕ್ರ ಬ್ರಷ್ ತಿರುಗಿಸುತ್ತದೆ. ಜಾಣ ಯೋಚನೆ. ಆದರೂ ದಪ್ಪ ಕಾರ್ಪೆಟ್ ಮೇಲೆ ಗಾಳಿಗೆ ತಡೆಯಾದಾಗ ಚಕ್ರ ನಿಧಾನವಾಗುತ್ತದೆ, ಬಡಿತ ಹೆಚ್ಚು ಬೇಕಾದ ಕಡೆಯೇ ಶಕ್ತಿ ಕುಂದುತ್ತದೆ. ಹಾಗಾಗಿ ನನ್ನ ಮತ ಮೋಟಾರಿನ ಕಡೆಗೆ.

ಮೋಟಾರಿನಿಂದ ಉರುಳೆಯನ್ನು ತಿರುಗಿಸುವ ಬೆಲ್ಟಿನ ವಿಷಯ ಇನ್ನೂ ಸ್ವಾರಸ್ಯಕರ. ಚಪ್ಪಟೆ ರಬ್ಬರ್ ಬೆಲ್ಟು ಅಗ್ಗ. ಹಾಸಿನ ಅಂಚು ಉರುಳೆಗೆ ಸಿಕ್ಕಾಗ ಅದು ಜಾರಿ ಮೋಟಾರನ್ನು ಉಳಿಸುತ್ತದೆ. ಆದರೆ ಹಿಗ್ಗಿ ಸಡಿಲವಾಗುತ್ತದೆ, ಬ್ರಷ್ ನಿಂತರೂ ಮೋಟಾರು ಕೂಗುತ್ತಲೇ ಇರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಲ್ಲಿನ ಬೆಲ್ಟು ಜಾರುವುದಿಲ್ಲ, ಬಾಳಿಕೆಯೂ ಹೆಚ್ಚು. ಜಾರದ ಕಾರಣಕ್ಕೇ ಉರುಳೆ ಸಿಕ್ಕಿಕೊಂಡರೆ ಮೋಟಾರು ಸುಡುವ ಭಯ. ಅದಕ್ಕೆ ಟ್ರಿಪ್ ಆಗುವ ಪುಟ್ಟ ಸ್ವಿಚ್ಚನ್ನು ಮೂತಿಯ ಮೇಲೇ ಇಟ್ಟರು. ಉರುಳೆಯ ಎರಡೂ ಕೊನೆಯಲ್ಲಿ ತಲೆಕೂದಲು ಬಿಗಿಯಾಗಿ ಸುತ್ತಿಕೊಂಡು ಬೇರಿಂಗಿಗೆ ಇಳಿಯುತ್ತದೆ. ಕತ್ತರಿ ಹಾಕಿ ಅದನ್ನು ತೆಗೆಯಲು ಬರುವಂತೆ ಕೆಲವು ಮೂತಿಗಳ ತಳ ಎರಡು ತಿರುಪಿಗೆ ಬಿಚ್ಚಿಕೊಳ್ಳುತ್ತದೆ. ಇನ್ನು ಕೆಲವಕ್ಕೆ ಇಡೀ ಮೂತಿಯನ್ನೇ ಬಿಚ್ಚಬೇಕು. ಹಳೆಯ ಮೂತಿಯೊಂದರ ಗುಣವನ್ನು ನಾನು ಅಳೆಯುವುದು ಮುಖ್ಯವಾಗಿ ಇದರಿಂದಲೇ.

ಭಾರತದಲ್ಲಿ ವ್ಯಾಕ್ಯೂಮ್ ಕ್ಲೀನರನ್ನು ಮನೆಮಾತು ಮಾಡಿದ್ದು 1982ರಲ್ಲಿ ಎಲೆಕ್ಟ್ರೋಲಕ್ಸ್ ಸಹಯೋಗದಲ್ಲಿ ಹುಟ್ಟಿದ ಯುರೇಕಾ ಫೋರ್ಬ್ಸ್. ಅದರ ಮಾರಾಟಗಾರರು ಯೂರೋಕ್ಲೀನ್ ಹೊತ್ತು ಬಾಗಿಲು ಬಾಗಿಲು ತಟ್ಟಿದರು. ಅದರ ಮೂತಿ ತಿರುಗುವುದಲ್ಲ, ಕೂದಲಿನ ಸಾದಾ ಬ್ರಷ್. ನಮ್ಮ ನೆಲಕ್ಕೆ ಅದೇ ಸರಿ. ಗಟ್ಟಿ ನೆಲದ ಮೇಲೆ ಬಡಿಯಲು ಏನೂ ಇಲ್ಲ. ವೇಗವಾಗಿ ತಿರುಗುವ ಬಿರುಸು ಬ್ರಷ್ಷು ರಾಗಿ ಕಾಳನ್ನೋ ಮರಳನ್ನೋ ಎತ್ತುವ ಬದಲು ಚಿಮ್ಮಿಸುತ್ತದೆ, ಲೋಹದ ಪಟ್ಟಿ ತಗುಲಿದರೆ ಗಾರೆಯ ಹೊಳಪಿಗೆ ಗೀರು ಬೀಳುತ್ತದೆ. ನುಣ್ಣನೆಯ ಧೂಳು ಕಲ್ಲಿಗೆ ಅಂಟಿಕೊಂಡಿರುತ್ತದೆ. ಅದನ್ನು ಮೆತ್ತಗೆ ಸವರಿ ಬಿಡಿಸಿದರೆ ಸಾಕು. ಅಮೆರಿಕದಿಂದ ಹಿಂತಿರುಗುವವರು ಪವರ್ ನಾಝಲ್ ತಂದರೆ ಇನ್ನೊಂದು ತೊಡಕು. ಅದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ, ಭಾರಿ ಟ್ರಾನ್ಸ್‌ಫಾರ್ಮರ್ ಬೇಕು.

ಈ ಸೀಮೆಯಲ್ಲಿ ಮೂತಿಯ ನಿಜವಾದ ಕೆಲಸ ಇರುವುದು ರೇಷ್ಮೆಯಲ್ಲಿ. ರೇಷ್ಮೆಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಗೂಡೊಡೆದು ಬಂದ ಪತಂಗಗಳು ರೆಕ್ಕೆ ಬಡಿದಾಗ ಸೂಕ್ಷ್ಮ ಹೊಟ್ಟು ಉದುರಿ ಗಾಳಿಗೇರುತ್ತದೆ. ಅಲ್ಲಿ ದುಡಿಯುವವರಿಗೆ ಕೆಮ್ಮು, ಉಬ್ಬಸ ತರುವುದು ಇದೇ. ಪೊರಕೆ ಆಡಿಸಿದರೆ ಅದು ಮತ್ತೆ ಮೇಲೇಳುತ್ತದೆ. ತಿರುಗುವ ಬ್ರಷ್ಷಿನಿಂದ ಇನ್ನೂ ಕೆಡುತ್ತದೆ. ಬೇಕಾದದ್ದು ಅಗಲ ಬಾಯಿಯ, ಮೆತ್ತನೆ ಕೂದಲಿನ, ತಟ್ಟೆಯ ಅಂಚಿಗೂ ಗೋಡೆಗೂ ಹೊಂದುವ ನಿಶ್ಚಲ ಮೂತಿ, ಹೀರಿದ್ದನ್ನು ಮತ್ತೆ ಹೊರಗೆ ಬಿಡದ ಸೂಕ್ಷ್ಮ ಫಿಲ್ಟರು. ಶಿಡ್ಲಘಟ್ಟ, ಚಿಂತಾಮಣಿಯ ವರ್ಕ್‌ಶಾಪುಗಳಿಗೆ ಇದು ಮೀರಿದ ಕೆಲಸವಲ್ಲ. ಕಾರ್ಪೆಟ್ಟಿಗಾಗಿ ಅಮೆರಿಕದವರು ದಶಕಗಳ ಕಾಲ ತಲೆ ಕೆಡಿಸಿಕೊಂಡರು. ಕೋಠಿಯ ಕೆಲಸಗಾರರ ಶ್ವಾಸಕೋಶಕ್ಕಾಗಿ ಅದರ ಒಂದು ಪಾಲು ಶ್ರಮವನ್ನಾದರೂ ನಮ್ಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನಲ್ಲಿ ಹಾಕಲಿ ಎಂಬುದು ನನ್ನ ಆಸೆ.