ಉಗಿಹಡಗಿನ ಹೊಟ್ಟೆಯೂ ಅಂಚೆಯ ಚೀಲವೂ

1830ರ ಮಾರ್ಚ್ 20ರಂದು 'ಹ್ಯೂ ಲಿಂಡ್ಸೆ' ಎಂಬ ಉಗಿಹಡಗು ಅಂಚೆಯನ್ನು ಹೊತ್ತು ಮುಂಬಯಿಯಿಂದ ಸೂಯೆಜ್ ಕಡೆಗೆ ಹೊರಟಿತು. ಗುಡ್‌ಹೋಪ್ ಭೂಶಿರವನ್ನು ಬಳಸಿ ಹೋಗುವ ಹಾಯಿಹಡಗುಗಳಲ್ಲಿ ಇಂಗ್ಲೆಂಡಿಗೆ ಕಾಗದ ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು. ಮುಂಬಯಿಯಲ್ಲಿಯೇ ನಿರ್ಮಿತವಾದ ಈ 411 ಟನ್ನಿನ ನೌಕೆಯಲ್ಲಿ ತಲಾ 80 ಅಶ್ವಶಕ್ತಿಯ ಎರಡು ಯಂತ್ರಗಳಿದ್ದವು. ಆದರೆ ಅದರ ಉಗ್ರಾಣದಲ್ಲಿ ಹಿಡಿಯುತ್ತಿದ್ದುದು ಐದೂವರೆ ದಿನಗಳ ಕಲ್ಲಿದ್ದಲು ಮಾತ್ರ; ಮೊದಲ ತಂಗುದಾಣವಾದ ಏಡನ್ನಿಗೋ ಹನ್ನೊಂದು ದಿನಗಳ ಪ್ರಯಾಣ! ಕೋಣೆಗಳಲ್ಲಿಯೂ ಡೆಕ್ಕಿನ ಮೇಲೆಯೂ ಕಲ್ಲಿದ್ದಲನ್ನೇ ರಾಶಿ ಹಾಕಬೇಕಾಯಿತು. ಏಡನ್ ಸೇರಿದಾಗ ಉಳಿದಿದ್ದದ್ದು ಸುಮಾರು ಆರು ಗಂಟೆಗಳಿಗೆ ಸಾಲುವಷ್ಟು ಮಾತ್ರ.

ಈ ಪರಿಯ ಹಸಿವಿಗೆ ಕಾರಣವೇನು? ಮೊದಲು ಬಾಯ್ಲರನ್ನು ನೋಡೋಣ. ಅಂದಿನ ಬಾಯ್ಲರು ಕಬ್ಬಿಣದ ತಗಡುಗಳನ್ನು ರಿವೆಟ್ಟುಗಳಿಂದ ಬೆಸೆದ ದೊಡ್ಡ ಪೆಟ್ಟಿಗೆ. ಒಲೆಯ ಬಿಸಿಹೊಗೆ ನೀರಿನ ನಡುವಣ ಸುತ್ತುದಾರಿಗಳಲ್ಲಿ ಹಾದು ಚಿಮಣಿಯನ್ನು ಸೇರುತ್ತಿತ್ತು. ಚಪ್ಪಟೆಯ ಗೋಡೆಗಳು ಹೆಚ್ಚಿನ ಒತ್ತಡವನ್ನು ತಾಳಲಾರವು. ಆದುದರಿಂದ ಉಗಿಯ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಚದರ ಅಂಗುಲಕ್ಕೆ ಕೆಲವೇ ಪೌಂಡುಗಳಷ್ಟು ಹೆಚ್ಚಾಗಿರುತ್ತಿತ್ತು.

ಇಷ್ಟು ದುರ್ಬಲವಾದ ಉಗಿ ಹಡಗನ್ನು ನೂಕುವುದೆಂತು? ದುಡಿದ ಉಗಿಯ ಮೇಲೆ ತಣ್ಣೀರನ್ನು ಚಿಮುಕಿಸಿದರೆ ಅದು ನೀರಾಗಿ, ಅದರ ಗಾತ್ರ ಸುಮಾರು 1,700ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಿಸ್ಟನ್ನಿನ ಒಂದು ಬದಿಯಲ್ಲಿ ಹೀಗೆ ಬಹುಮಟ್ಟಿಗೆ ಶೂನ್ಯವುಂಟಾದಾಗ, ಇನ್ನೊಂದು ಬದಿಯ ಉಗಿ ಅದನ್ನು ತಳ್ಳುತ್ತದೆ. ಈ ಚಲನೆಯೇ ಹಡಗಿನ ಪಕ್ಕದ ಹುಟ್ಟುಚಕ್ರಗಳನ್ನು ತಿರುಗಿಸುತ್ತಿತ್ತು.

ಆದರೆ ಚಿಮುಕಿಸುತ್ತಿದ್ದುದು ಸಮುದ್ರದ ನೀರು. ಉಗಿಯೊಡನೆ ಬೆರೆತ ಅದೇ ನೀರು ಮತ್ತೆ ಬಾಯ್ಲರಿಗೆ ಹೋಗುತ್ತಿತ್ತು. ನೂರು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು ಮೂರೂವರೆ ಕಿಲೋ ಲವಣಗಳಿರುತ್ತವೆ. ಗಡಸು ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದನ್ನು ನಾವು ನೋಡಿಲ್ಲವೆ? ಬಾಯ್ಲರಿನಲ್ಲಿಯೂ ಅಂತಹುದೇ ಪದರ ಕಟ್ಟಿ, ಶಾಖ ನೀರಿಗೆ ತಲುಪದಂತೆ ತಡೆಯುತ್ತಿತ್ತು. ತಗಡು ಕೆಂಪಗೆ ಕಾದು ಬಿರಿಯುವ ಅಪಾಯವೂ ಇತ್ತು. ಇದನ್ನು ತಪ್ಪಿಸಲು ಕುದಿಯುವ ಉಪ್ಪುನೀರನ್ನು ಆಗಾಗ್ಗೆ ಹೊರಗೆ ಚೆಲ್ಲಬೇಕಾಗಿತ್ತು. ಬಿಸಿನೀರನ್ನು ಚೆಲ್ಲುವುದೆಂದರೆ ಕಲ್ಲಿದ್ದಲನ್ನೇ ಸಮುದ್ರಕ್ಕೆ ಸುರಿದಂತೆ.

1840ರಲ್ಲಿ ಲಿವರ್‌ಪೂಲಿನಿಂದ ಅಮೆರಿಕಕ್ಕೆ ಅಂಚೆಯನ್ನೊಯ್ದ 'ಬ್ರಿಟಾನಿಯಾ' ಹಡಗಿನಲ್ಲಿಯೂ ಇದೇ ಪಾಡು. ಅದರಲ್ಲಿ 640 ಟನ್ ಕಲ್ಲಿದ್ದಲಿಗೆ ಸ್ಥಳವಿತ್ತು. ಸರಕಿಗೆ ಉಳಿದದ್ದು 225 ಟನ್ನುಗಳಷ್ಟು.

ಪರಿಹಾರಗಳು ಒಂದೊಂದಾಗಿ ಬಂದವು. 1834ರಲ್ಲಿ ಸ್ಯಾಮ್ಯುಯೆಲ್ ಹಾಲ್ ಎಂಬಾತನು ಉಗಿಯೂ ಸಮುದ್ರದ ನೀರೂ ಬೆರೆಯದಂತೆ, ಕೊಳವೆಗಳ ಗೋಡೆಯ ಮೂಲಕವೇ ಉಗಿಯನ್ನು ತಣಿಸುವ ಸಾಧನಕ್ಕೆ ಪೇಟೆಂಟ್ ಪಡೆದನು. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವ ನೀರಿನಂತೆ, ಹೀಗೆ ದೊರೆತ ಸಿಹಿನೀರನ್ನೇ ಬಾಯ್ಲರು ಮತ್ತೆ ಕುದಿಸಬಹುದಾಯಿತು. ಇದು ಸಾಮಾನ್ಯ ಬಳಕೆಗೆ ಬಂದದ್ದು 1860ರ ದಶಕದಲ್ಲಿ. 1854ರಲ್ಲಿ ಜಾನ್ ಎಲ್ಡರನು 'ಬ್ರ್ಯಾಂಡನ್' ಹಡಗಿಗೆ ಸಂಯುಕ್ತ ಯಂತ್ರವನ್ನು ಜೋಡಿಸಿದನು. ಇದರಲ್ಲಿ ಚಿಕ್ಕ ಸಿಲಿಂಡರಿನಲ್ಲಿ ದುಡಿದ ಉಗಿ, ದೊಡ್ಡ ಸಿಲಿಂಡರಿನಲ್ಲಿ ಹಿಗ್ಗಿ ಮತ್ತೊಮ್ಮೆ ದುಡಿಯುತ್ತದೆ.

1866ರಲ್ಲಿ ಆಲ್ಫ್ರೆಡ್ ಹೋಲ್ಟನ 'ಅಗಮೆಮ್ನಾನ್' ಎಂಬ ವ್ಯಾಪಾರಿ ಹಡಗು ಸಂಯುಕ್ತ ಯಂತ್ರದೊಡನೆ 60 ಪೌಂಡು ಒತ್ತಡದ ಉಗಿಯನ್ನು ಬಳಸಿ, ಲಿವರ್‌ಪೂಲಿನಿಂದ ಮಾರಿಷಸ್‌ವರೆಗೆ ಸುಮಾರು 8,500 ಮೈಲಿಗಳನ್ನು ನಡುವೆ ಎಲ್ಲಿಯೂ ಕಲ್ಲಿದ್ದಲು ತುಂಬದೆ ಕ್ರಮಿಸಿತು. ಮೂವತ್ತಾರು ವರ್ಷಗಳ ಹಿಂದೆ 'ಹ್ಯೂ ಲಿಂಡ್ಸೆ' ಇದರ ಐದರಲ್ಲೊಂದು ಪಾಲು ದಾರಿಯನ್ನು ಸವೆಸಲು ಕೋಣೆಗಳಿಗೂ ಕಲ್ಲಿದ್ದಲು ತುಂಬಿಕೊಂಡಿತ್ತು. ಈ ಅಂತರವನ್ನು ಗೆದ್ದದ್ದು ಹೆಚ್ಚಿನ ಬೆಂಕಿಯಲ್ಲ. ಇದ್ದ ಬೆಂಕಿಯನ್ನು ವ್ಯರ್ಥಗೊಳಿಸದ ಜಾಣ್ಮೆ.