ಗ್ರಾಹಿ–ಲಿಗ್ಯಾಂಡ್ ಬಂಧನ ಪರೀಕ್ಷೆ

ಗ್ರಾಹಿ–ಲಿಗ್ಯಾಂಡ್ ಬಂಧನ ಪರೀಕ್ಷೆಯು ಜೀವಕೋಶದ ಗ್ರಾಹಿ ಪ್ರೋಟೀನಿಗೆ ಹಾರ್ಮೋನು, ಔಷಧ ಅಥವಾ ವಿಷದ ಅಣುಗಳು ಎಷ್ಟು ಬಿಗಿಯಾಗಿ, ಎಷ್ಟು ಪ್ರಮಾಣದಲ್ಲಿ ಅಂಟಿಕೊಳ್ಳುತ್ತವೆ ಎಂಬುದನ್ನು ಅಳೆಯುವ ಪ್ರಯೋಗಾಲಯ ವಿಧಾನ. ಹೀಗೆ ಅಂಟಿಕೊಳ್ಳುವ ಅಣುವಿಗೆ ಲಿಗ್ಯಾಂಡ್ ಎಂದು ಹೆಸರು. ಗ್ರಾಹಿಯನ್ನು ‘ಗ್ರಾಹಕ’ ಎಂದೂ ಕರೆಯುವುದುಂಟು. ಆ ಪದವು ಅಂಗಡಿಯ ಗಿರಾಕಿಯನ್ನೂ ಸೂಚಿಸುವುದರಿಂದ ‘ಗ್ರಾಹಿ’ ಎಂಬ ರೂಪವೇ ಮೇಲು. ಬೆಂಗಳೂರಿನ ಮಲ್ಲೇಶ್ವರದಲ್ಲಿಯೂ ಅದರ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅತಿಸಾರದ ವಿಷವೊಂದರ ಗ್ರಾಹಿಯನ್ನು ಕುರಿತು ಈ ವಿಧಾನದಿಂದ ಮಹತ್ವದ ಸಂಶೋಧನೆ ನಡೆದಿದೆ.

ಹಿನ್ನೆಲೆ

ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜಾನ್ ಲ್ಯಾಂಗ್ಲಿ ನಿಕೋಟಿನ್ ಮತ್ತು ಕ್ಯುರಾರೆಗಳ ಪ್ರಯೋಗಗಳ ಆಧಾರದಿಂದ 1905ರಲ್ಲಿ ಸ್ನಾಯುವಿನೊಳಗೆ ‘ಗ್ರಹಿಸುವ ವಸ್ತು’ವೊಂದಿದೆ ಎಂದು ವಾದಿಸಿದರು. ಬಹುಕಾಲ ಅದು ಊಹೆಯಾಗಿಯೇ ಉಳಿಯಿತು. ಲಿಗ್ಯಾಂಡಿಗೆ ವಿಕಿರಣಶೀಲ ಪರಮಾಣುವನ್ನು ಗುರುತಾಗಿ ಜೋಡಿಸುವ ಉಪಾಯ ಕೈಗೂಡಿದ ಮೇಲೆ ಗ್ರಾಹಿಗಳನ್ನು ನೇರವಾಗಿ ಎಣಿಸುವುದು ಸಾಧ್ಯವಾಯಿತು. 1970ರಲ್ಲಿ ಇಂತಹ ಗುರುತಿನ ಹಾರ್ಮೋನನ್ನು ಬಳಸಿ ಗ್ರಾಹಿಯ ಬಂಧನವನ್ನು ಅಳೆದ ರಾಬರ್ಟ್ ಲೆಫ್ಕೋವಿಟ್ಜ್, ಗ್ರಾಹಿಗಳ ಮೇಲಿನ ಮುಂದಿನ ಕೆಲಸಕ್ಕಾಗಿ 2012ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಬ್ರಯನ್ ಕೊಬಿಲ್ಕಾ ಅವರೊಂದಿಗೆ ಹಂಚಿಕೊಂಡರು.

ವಿಧಾನ

ಜೀವಕೋಶಗಳನ್ನಾಗಲಿ ಅವುಗಳಿಂದ ಬೇರ್ಪಡಿಸಿದ ಪೊರೆಗಳನ್ನಾಗಲಿ ಗುರುತಿನ ಲಿಗ್ಯಾಂಡಿನೊಂದಿಗೆ ಬೆರೆಸಿ, ಬಂಧನವು ಸಮತೋಲನಕ್ಕೆ ಬರುವವರೆಗೆ ಬಿಡಲಾಗುತ್ತದೆ. ಪೆಪ್ಟೈಡುಗಳಿಗೆ ಸಾಮಾನ್ಯವಾಗಿ ಅಯೋಡಿನ್-125 ಅನ್ನು ಜೋಡಿಸುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 60 ದಿನ. ಬಳಿಕ ಮಿಶ್ರಣವನ್ನು ಗಾಜಿನ ನಾರಿನ ಶೋಧಕದ ಮೂಲಕ ಹೀರಿ, ತಣ್ಣನೆಯ ದ್ರಾವಣದಿಂದ ಬೇಗನೆ ತೊಳೆದು, ಶೋಧಕದಲ್ಲಿ ಉಳಿದ ವಿಕಿರಣವನ್ನು ಎಣಿಸಲಾಗುತ್ತದೆ. ತೊಳೆಯುವುದು ನಿಧಾನವಾದರೆ ಸಡಿಲವಾಗಿ ಅಂಟಿದ ಲಿಗ್ಯಾಂಡ್ ಕಳಚಿ ಹೋಗಿ ಲೆಕ್ಕ ತಪ್ಪುತ್ತದೆ.

ಹಾಗೆ ಉಳಿದುದೆಲ್ಲವೂ ಗ್ರಾಹಿಗೆ ಅಂಟಿದ್ದಲ್ಲ. ಪೊರೆಯ ಕೊಬ್ಬಿಗೆ, ಶೋಧಕಕ್ಕೆ, ನಳಿಕೆಯ ಗೋಡೆಗೆ ಸಹ ಸ್ವಲ್ಪ ಅಂಟಿರುತ್ತದೆ. ಆದ್ದರಿಂದ ಜೊತೆಯ ನಳಿಕೆಯೊಂದರಲ್ಲಿ ಗುರುತಿಲ್ಲದ ಲಿಗ್ಯಾಂಡನ್ನು ಧಾರಾಳವಾಗಿ ಸೇರಿಸುತ್ತಾರೆ. ಅದು ಗ್ರಾಹಿಗಳನ್ನೆಲ್ಲ ಆಕ್ರಮಿಸುವುದರಿಂದ ಅಲ್ಲಿ ಉಳಿಯುವ ವಿಕಿರಣ ಅನಿರ್ದಿಷ್ಟ ಬಂಧನದ್ದು. ಉದಾಹರಣೆಗೆ ಮೊದಲ ನಳಿಕೆಯಲ್ಲಿ 10,000, ಎರಡನೆಯದರಲ್ಲಿ 1,500 ಎಣಿಕೆ ಬಂದರೆ ನಿರ್ದಿಷ್ಟ ಬಂಧನ 8,500 ಮಾತ್ರ. ಈ ಕಳೆಯುವ ಲೆಕ್ಕವಿಲ್ಲದ ಬಂಧನ ಪರೀಕ್ಷೆಗೆ ಬೆಲೆಯಿಲ್ಲ.

ಲಿಗ್ಯಾಂಡಿನ ಸಾಂದ್ರತೆಯನ್ನು ಹೆಚ್ಚಿಸುತ್ತ ಹೋದಂತೆ ನಿರ್ದಿಷ್ಟ ಬಂಧನವು ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟವು ಒಟ್ಟು ಗ್ರಾಹಿಗಳ ಪ್ರಮಾಣವನ್ನು ತಿಳಿಸುತ್ತದೆ. ಅರ್ಧದಷ್ಟು ಗ್ರಾಹಿಗಳು ತುಂಬುವ ಸಾಂದ್ರತೆಯೇ ವಿಯೋಜನ ಸ್ಥಿರಾಂಕ. ಸ್ಥಿರಾಂಕ ಚಿಕ್ಕದಾದಷ್ಟೂ ಬಂಧನ ಬಿಗಿ. ಗುರುತು ಜೋಡಿಸದ ಹೊಸ ಔಷಧವನ್ನು ಪರೀಕ್ಷಿಸಬೇಕಾದಾಗ, ಗುರುತಿನ ಲಿಗ್ಯಾಂಡನ್ನು ಅದು ಎಷ್ಟರಮಟ್ಟಿಗೆ ಹೊರದೂಡುತ್ತದೆ ಎಂದು ನೋಡುವ ಸ್ಪರ್ಧಾತ್ಮಕ ಪರೀಕ್ಷೆಯನ್ನು ನಡೆಸುತ್ತಾರೆ.

ಬೆಂಗಳೂರಿನ ಸಂಶೋಧನೆ

ಎಶ್ಚೆರಿಕಿಯ ಕೋಲೈ ಬ್ಯಾಕ್ಟೀರಿಯದ ಕೆಲವು ತಳಿಗಳು ಶಿಶುಗಳಲ್ಲಿಯೂ ಪ್ರವಾಸಿಗಳಲ್ಲಿಯೂ ನೀರಿನಂತಹ ಭೇದಿಯನ್ನುಂಟುಮಾಡುತ್ತವೆ. ಇವು ಸ್ರವಿಸುವ ವಿಷಗಳಲ್ಲೊಂದು 18 ಅಥವಾ 19 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್. ಮೂರು ಗಂಧಕದ ಸೇತುವೆಗಳು ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಬಿಸಿಗೆ ಕೆಡುವುದಿಲ್ಲ. ಅಂತೆಯೇ ಅದಕ್ಕೆ ಉಷ್ಣಸ್ಥಿರ ವಿಷವೆಂಬ ಹೆಸರು. ಕರುಳಿನ ಒಳಪದರದ ಗ್ವಾನಿಲಿಲ್ ಸೈಕ್ಲೇಸ್-ಸಿ ಎಂಬ ಗ್ರಾಹಿಗೆ ಇದು ಅಂಟಿದಾಗ ಕೋಶದೊಳಗೆ ಸೈಕ್ಲಿಕ್ ಜಿಎಂಪಿ ಹೆಚ್ಚಿ, ಲವಣವೂ ಅದರ ಹಿಂದೆ ನೀರೂ ಕರುಳಿನೊಳಕ್ಕೆ ಹರಿಯುತ್ತವೆ. ಗ್ರಾಹಿ ಇರುವುದು ಬ್ಯಾಕ್ಟೀರಿಯಕ್ಕಾಗಿಯೇನೂ ಅಲ್ಲ. ಅದರ ಸಹಜ ಲಿಗ್ಯಾಂಡ್ ಆದ ಗ್ವಾನಿಲಿನ್ 1992ರಲ್ಲಿ ಇಲಿಯ ಕರುಳಿನಲ್ಲಿ ದೊರೆಯಿತು. ವಿಷವು ಅದನ್ನು ಅನುಕರಿಸುತ್ತದೆ.

ಮಲ್ಲೇಶ್ವರದಲ್ಲಿದ್ದ ಆಸ್ಟ್ರಾ ರಿಸರ್ಚ್ ಸೆಂಟರ್ ಇಂಡಿಯಾದ ಸಂಧ್ಯಾ ವಿಶ್ವೇಶ್ವರಯ್ಯ ಮತ್ತು ಸಹೋದ್ಯೋಗಿಗಳು ಈ ವಿಷವು ಮಾನವನ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಬೆಳೆಸಿದ ಟಿ84 ಕೋಶಗಳೊಂದಿಗೆ ವರ್ತಿಸುವ ಬಗೆಯನ್ನು 1992ರಲ್ಲಿ ಪ್ರಕಟಿಸಿದರು. ಅನಂತರ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸವನ್ನು ಮುಂದುವರಿಸಿದರು.

ಬಂಧನ ಮತ್ತು ಕ್ರಿಯೆ

ಅಂಟುವುದು ಬೇರೆ, ಕೆಲಸ ಮಾಡಿಸುವುದು ಬೇರೆ. ಒಂದೇ ಗ್ರಾಹಿಗೆ ಸಮಾನ ಬಿಗಿಯಿಂದ ಅಂಟುವ ಎರಡು ಅಣುಗಳಲ್ಲಿ ಒಂದು ಅದನ್ನು ಚಾಲನೆಗೊಳಿಸಬಹುದು, ಇನ್ನೊಂದು ಸುಮ್ಮನೆ ದಾರಿ ಕಟ್ಟಬಹುದು. ಬಂಧನದ ಅಂಕಿಗಳು ಈ ವ್ಯತ್ಯಾಸವನ್ನು ಹೇಳಲಾರವು. ಆದ್ದರಿಂದ ಸೈಕ್ಲಿಕ್ ಜಿಎಂಪಿಯಂತಹ ಫಲಿತವಸ್ತುವನ್ನೂ ಅಳೆಯಬೇಕು. ವಿಷಕ್ಕೆ ಬಹಳ ಹೊತ್ತು ಒಡ್ಡಿದ ಟಿ84 ಕೋಶಗಳು ಮರಳಿ ವಿಷವನ್ನು ಕಂಡಾಗ ಮೊದಲಿನಂತೆ ಸ್ಪಂದಿಸುವುದಿಲ್ಲವೆಂದು ಬೆಂಗಳೂರಿನ ತಂಡ ತೋರಿಸಿದ್ದು ಇಂತಹ ಅಳತೆಯಿಂದಲೇ. ಹುಟ್ಟಿನಿಂದ ತೀವ್ರ ಭೇದಿಯಿರುವ ಕೆಲವು ಶಿಶುಗಳಲ್ಲಿ ಈ ಗ್ರಾಹಿಯ ಜೀನು ರೂಪಾಂತರಗೊಂಡು, ಗ್ರಾಹಿಯು ಅತಿಯಾಗಿ ಕ್ರಿಯಾಶೀಲವಾಗಿರುತ್ತದೆಂದು ಯೂರೋಪಿನ ವೈದ್ಯರೊಂದಿಗೆ ಈ ತಂಡ 2016ರಲ್ಲಿ ವರದಿ ಮಾಡಿತು. ಅದೇ ಗ್ರಾಹಿಯನ್ನು ಬೇಕೆಂದೇ ಪ್ರಚೋದಿಸುವ ಲಿನಾಕ್ಲೋಟೈಡ್, ಮಲಬದ್ಧತೆಯ ಔಷಧವಾಗಿ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಪಡೆಯಿತು.

ಇತರ ವಿಧಾನಗಳು

ಬಂಧನದ ವೇಳೆ ಹೊರಬೀಳುವ ಅಥವಾ ಹೀರಲ್ಪಡುವ ಶಾಖವನ್ನು ಅಳೆಯುವ ಕ್ಯಾಲೋರಿಮಾಪನಕ್ಕೆ ವಿಕಿರಣಶೀಲ ಗುರುತು ಬೇಕಿಲ್ಲ. ಬಸವನಗುಡಿಯ ಪರಿಷೆಯಿಂದ ಹೆಸರಾದ ಕಡಲೆಕಾಯಿಯಲ್ಲಿ ಸಕ್ಕರೆಯ ಅಣುಗಳನ್ನು ಆಯ್ದು ಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಲೆಕ್ಟಿನ್‌ಗಳ ಬಂಧನವನ್ನು ಈ ವಿಧಾನದಿಂದ ಅಧ್ಯಯನ ಮಾಡಿದರು. ಕಡಲೆಕಾಯಿ ಲೆಕ್ಟಿನ್ನಿನ ಸ್ಫಟಿಕ ರಚನೆಯನ್ನು ಎಂ. ವಿಜಯನ್ ಅವರ ತಂಡ ಸುರೋಲಿಯಾ ಅವರೊಡನೆ 1994ರಲ್ಲಿ ಪ್ರಕಟಿಸಿತು. ಆದರೆ ಕ್ಯಾಲೋರಿಮಾಪನಕ್ಕೆ ಶುದ್ಧ ಪ್ರೋಟೀನು ಸಾಕಷ್ಟು ಬೇಕು. ಲೆಕ್ಟಿನ್ ಬೀಜದಿಂದ ಧಾರಾಳವಾಗಿ ಸಿಗುತ್ತದೆ. ಪೊರೆಯಲ್ಲಿ ಹುದುಗಿರುವ ಗ್ರಾಹಿಗಳನ್ನು ಕೆಡದಂತೆ ಹೊರತೆಗೆಯುವುದು ಕಷ್ಟ. ಅಂತಹ ಕಡೆ ವಿಕಿರಣದ ಹಳೆಯ ವಿಧಾನ ಈಗಲೂ ಬಳಕೆಯಲ್ಲಿದೆ.